ಹಿಂದಕ್ಕೆ ನಡೆಯುವ ಎತ್ತು

ಕಟಕಟೆಯಲ್ಲಿ ನಿಂತ ಹೆಂಗಸು ಹೆಬ್ಬೆಟ್ಟು ಒತ್ತುವುದಿಲ್ಲ ಎಂದಳು. ಹುಮನಾಬಾದಿನ ಮುನ್ಸಿಫ್ ಅದಾಲತ್ತಿನಲ್ಲಿ ನಾನು ದುಭಾಷಿಯಾಗಿ ನಿಂತ ಅಷ್ಟೂ ಕಾಲದಲ್ಲಿ ಅಂಥ ಮಾತನ್ನು ಅದಕ್ಕೆ ಮೊದಲು ಕೇಳಿರಲಿಲ್ಲ. ಹೇಳಿಕೆ ಕೊಟ್ಟವರು ಕಾಗದ ಮುಂದೆ ಬಂದ ಕೂಡಲೇ ಕೈ ಚಾಚುತ್ತಿದ್ದರು. ಚಪರಾಸಿ ಹೆಬ್ಬೆರಳಿಗೆ ಮಸಿ ಹಚ್ಚುತ್ತಿದ್ದ. ಅಲ್ಲಿಗೆ ಕೆಲಸ ಮುಗಿಯುತ್ತಿತ್ತು. ಈಕೆ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು ನಿಂತಳು.

ಯುದ್ಧದ ಕಾಲ. ಚಿಮಣಿ ಎಣ್ಣೆಗೂ ಜನ ಸಾಲು ನಿಲ್ಲುತ್ತಿದ್ದ ದಿನಗಳು. ನಿಜಾಮ ಸರಕಾರದ ಅದಾಲತ್ತಿನ ಭಾಷೆ ಉರ್ದು. ಅಲ್ಲಿಗೆ ಬರುವ ರೈತಾಪಿ ಜನರದು ಕನ್ನಡ. ನಮ್ಮ ಮುನ್ಸಿಫರು ಹೈದರಾಬಾದ್ ಶಹರದಲ್ಲೇ ಹುಟ್ಟಿ ಬೆಳೆದವರು. ಸಿಡುಕು ಸ್ವಭಾವ, ಆದರೆ ಮಾತನ್ನು ಪೂರ್ತಿ ಕೇಳದೆ ತೀರ್ಪು ಬರೆಯುತ್ತಿರಲಿಲ್ಲ. ಅವರಿಗೂ ಸಾಕ್ಷಿಗೂ ನಡುವೆ ನಿಲ್ಲುವುದು ನನ್ನ ಕೆಲಸ. ಅದಕ್ಕೆ ನಿಯಮಗಳಿದ್ದವು. ಸಾಕ್ಷಿ ‘ನಾನು’ ಎಂದರೆ ನಾನೂ ‘ನಾನು’ ಎನ್ನಬೇಕು. ‘ಈಕೆ ಹೀಗೆನ್ನುತ್ತಾಳೆ’ ಎನ್ನಬಾರದು. ಒಂದು ಮಾತು ಕೂಡಿಸಬಾರದು, ಒಂದು ಮಾತು ಬಿಡಬಾರದು, ವಿವರಣೆ ಕೊಡಬಾರದು. ಅದಾಲತ್ತಿನ ಹೊರಗೆ ಸಾಕ್ಷಿಯ ಜೊತೆ ಮೊಕದ್ದಮೆಯ ಮಾತು ಆಡಬಾರದು. ಮುನ್ಸಿಫರು ಹೇಳಿಕೆಯ ಸಾರವನ್ನು ಉರ್ದುವಿನಲ್ಲಿ ಹೇಳುತ್ತಿದ್ದರು, ಕಡತ ನೋಡಿಕೊಳ್ಳುವ ಪೇಶ್ಕಾರರು ಬರೆದುಕೊಳ್ಳುತ್ತಿದ್ದರು. ಕೊನೆಗೆ ಅದನ್ನು ನಾನು ಸಾಕ್ಷಿಗೆ ಕನ್ನಡದಲ್ಲಿ ಓದಿ ಹೇಳಿ, ಇದು ನಿನ್ನ ಮಾತು ಹೌದೋ ಅಲ್ಲವೋ ಎಂದು ಕೇಳಬೇಕು. ಹೌದೆಂದರೆ ಹೆಬ್ಬೆಟ್ಟು.

ಈ ಶಿಸ್ತು ನನಗೆ ಹೊಸದಾಗಿರಲಿಲ್ಲ. ಅದಕ್ಕೂ ಮೊದಲು ಮುಂಬಯಿ ಪ್ರಾಂತದ ಒಂದು ವಾರಪತ್ರಿಕೆಗೆ ನಾನು ಈ ಭಾಗದ ಸುದ್ದಿ ಬರೆದು ಕಳಿಸುತ್ತಿದ್ದೆ. ನನ್ನ ವರದಿಯಲ್ಲಿ ಒಂದು ಹೋಲಿಕೆ ಕಂಡರೂ ಸಂಪಾದಕರು ಆ ಸಾಲನ್ನೇ ಹೊಡೆದು ಹಾಕುತ್ತಿದ್ದರು. ಆದದ್ದನ್ನು ಬರೆ, ಅದು ಯಾವುದರ ಹಾಗೆ ಇತ್ತು ಎಂಬುದು ಓದುಗನ ಕೆಲಸ ಎನ್ನುತ್ತಿದ್ದರು. ನಾನೂ ಅದನ್ನೇ ನಂಬಿದ್ದೆ.

ಮೊಕದ್ದಮೆ ಸರಳವಾಗಿತ್ತು. ಗಂಡ ದುಬಲಗುಂಡಿಯ ರೈತ. ಹೆಂಡತಿ ತವರಾದ ಘಾಟಬೋರಾಳಕ್ಕೆ ಹೋದವಳು ತಿರುಗಿ ಬಂದಿಲ್ಲ, ಕಳಿಸಿಕೊಡುವಂತೆ ಹುಕುಂ ಆಗಬೇಕು ಎಂದು ಅವನ ಫಿರ್ಯಾದು. ಅವನಿಗೆ ವಕೀಲರಿದ್ದರು. ಆಕೆಗೆ ವಕೀಲರಿರಲಿಲ್ಲ, ಅಣ್ಣನೊಬ್ಬ ಗಾಡಿ ಹೂಡಿಕೊಂಡು ಕರೆತಂದಿದ್ದ. ತೀರ್ಪು ಗಂಡನ ಕಡೆಗಾದರೆ ಆಕೆ ಆ ಮನೆಗೆ ಹೋಗಲೇಬೇಕು. ಸರಕಾರದ ಹುಕುಂ ಮೀರಿ ತಂಗಿಯನ್ನು ಇಟ್ಟುಕೊಳ್ಳುವ ಧೈರ್ಯ ತನಗಿಲ್ಲ ಎಂದು ಅಣ್ಣ ಮೊದಲೇ ಎಲ್ಲರ ಮುಂದೆ ಹೇಳಿಬಿಟ್ಟಿದ್ದ.

ಮುನ್ಸಿಫರು ತಾವೇ ಪ್ರಶ್ನೆ ಕೇಳಿದರು. ಗಂಡ ಹೊಡೆಯುತ್ತಾನೆಯೇ? ಇಲ್ಲ. ಬಯ್ಯುತ್ತಾನೆಯೇ? ಇಲ್ಲ. ಹೊಟ್ಟೆಗೆ ಹಾಕುವುದಿಲ್ಲವೇ? ಹಾಕುತ್ತಾರೆ. ಅತ್ತೆಯ ಕಾಟವೇ? ಅತ್ತೆ ಒಳ್ಳೆಯವಳು. ಬೇರೆ ಹೆಂಗಸಿನ ಸಹವಾಸವೇ? ಅಂಥದ್ದೇನೂ ಕೇಳಿಲ್ಲ. ಒಂದೊಂದಕ್ಕೂ ತಡೆದು, ನಿಜವನ್ನು ತೂಗಿ ನೋಡಿ ಉತ್ತರ ಕೊಟ್ಟಳು. ವಕೀಲರು ಕುರ್ಚಿಗೆ ಒರಗಿ ಕುಳಿತರು. ಅವರ ಕೆಲಸವನ್ನು ಆಕೆಯೇ ಮಾಡಿಕೊಡುತ್ತಿದ್ದಳು. ಹಾಗಾದರೆ ಯಾಕೆ ಹೋಗುವುದಿಲ್ಲ ಎಂದು ಮುನ್ಸಿಫರು ಕೇಳಿದರು. ಆಕೆ ಕಟಕಟೆಯ ಕಂಬಿ ಹಿಡಿದುಕೊಂಡಳು. ಆಮೇಲೆ ಹೇಳಿದಳು:

“ಆ ಮನ್ಯಾಗ ನಂದು ಮೋಟದ ಎತ್ತಿನಂಗ ಆಗ್ಯದ್ರಿ. ಹಿಂದಕ್ಕ ನಡ್ಯಾಕತ್ತೇನಿ. ಇನ್ನ ನಡ್ಯಾಕ ಆಗಂಗಿಲ್ಲ.”

ಮೋಟ ಎಂದರೆ ಎತ್ತು ಕಟ್ಟಿ ಬಾವಿಯಿಂದ ನೀರೆತ್ತುವ ದೊಡ್ಡ ಚರ್ಮದ ಚೀಲ. ನಾನು ಮಾತಿಗೆ ಮಾತು ಉರ್ದುವಿಗೆ ತಂದೆ. ಎತ್ತು ಬಂತು, ಬಾವಿ ಬಂತು, ಹಿಂದಕ್ಕೆ ನಡೆಯುವುದೂ ಬಂತು. ಮುನ್ಸಿಫರು ತಲೆದೂಗಿ ಪೇಶ್ಕಾರರ ಕಡೆ ತಿರುಗಿ, ಆ ಮನೆಯಲ್ಲಿ ನನ್ನನ್ನು ಎತ್ತಿನಂತೆ ದುಡಿಸುತ್ತಾರೆ ಎಂದು ಬರೆಸಿದರು. ವಕೀಲರು, ಎತ್ತಿಗೆ ಎರಡು ಹೊತ್ತು ಮೇವಂತೂ ಸಿಗುತ್ತದೆ ಎಂದು ಅರ್ಧ ದನಿಯಲ್ಲಿ ಅಂದರು. ಹಿಂದಿನ ಬೆಂಚಿನವರು ನಕ್ಕರು.

ನಾನು ಓದಿ ಹೇಳಿದೆ. ಆಕೆ ಕೈ ಒಳಗೆಳೆದುಕೊಂಡದ್ದು ಆಗಲೇ.

“ಇದು ನನ್ ಮಾತಲ್ರಿ. ದುಡಿಮಿ ನಂಗ ಭಾರ ಇಲ್ಲ. ಘಾಟಬೋರಾಳದಾಗೂ ದುಡಿತೀನಿ.”

ಪೇಶ್ಕಾರರಿಗೆ ಹೊತ್ತಾಗಿತ್ತು. ಅವರು ಇದೇ ಊರಿನವರು, ಕನ್ನಡ ಬಲ್ಲವರು. “ಏನವ್ವಾ, ಊರ ಮಂದಿ ಎಲ್ಲಾ ಒತ್ತತಾರ. ನಿಂದೇನು ಬ್ಯಾರೆ ಹೆಬ್ಬಳ್ಳೇನು?” ಎಂದರು.

“ಬಳ್ಳು ನಂದೇ ಅದರಿ. ಮಾತು ನಂದಲ್ಲ.”

ಅಣ್ಣ ಬಾಗಿಲ ಬಳಿಯಿಂದ ಒತ್ತು, ಒತ್ತು ಎಂದು ಕೈಸನ್ನೆ ಮಾಡುತ್ತಿದ್ದ. ದುಡಿಸುತ್ತಾರೆ ಎಂದು ಬರೆದರೆ ತಂಗಿಗೆ ಒಳ್ಳೆಯದು ಎಂದು ಅವನು ತಿಳಿದಿದ್ದ. ಒಳ್ಳೆಯದಾಗಿರಲಿಲ್ಲ. ಕೆಲಸ ಹೆಚ್ಚು ಎಂಬ ಕಾರಣಕ್ಕೆ ಗಂಡನ ಮನೆ ಬಿಡಲು ಯಾವ ಅದಾಲತ್ತೂ ಒಪ್ಪುತ್ತಿರಲಿಲ್ಲ. ವಕೀಲರಿಗೆ ಅದು ಗೊತ್ತಿತ್ತು. ಆ ಸಾಲು ಹಾಗೇ ಉಳಿಯಲಿ ಎಂದು ಅವರೇ ಒತ್ತಾಯ ಮಾಡಿದರು.

ಸಾಕ್ಷಿ ಒಪ್ಪಲಿಲ್ಲ ಎಂದು ನಾನು ಮುನ್ಸಿಫರಿಗೆ ತಿಳಿಸಿದೆ. ಹಾಗಾದರೆ ಅರ್ಥವೇನು ಎಂದು ಕೇಳಿಸಿದರು. ಆಕೆ ಅದೇ ಮಾತನ್ನು ಮತ್ತೆ ಹೇಳಿದಳು. ಇನ್ನೊಮ್ಮೆ ಕೇಳಿಸಿದರು. ಇನ್ನೊಮ್ಮೆ ಅದೇ ಹೇಳಿದಳು, ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಮುನ್ಸಿಫರು ಬೇರೆ ತಾರೀಖು ಕೊಟ್ಟು ಎದ್ದರು. ಒಳಗಿನ ಕೋಣೆಗೆ ನನ್ನನ್ನು ಕರೆದು, ತಮಗೆ ಒಗಟು ಬೇಡ ಎಂದರು. ಜೀವಕ್ಕೆ ಅಂಜಿಕೆ ಇದ್ದರೆ ಅದು ಕಾರಣವಾಗುತ್ತದೆ. ಇದ್ದರೆ ಯಾವುದರ ಅಂಜಿಕೆ, ಯಾವಾಗಿನಿಂದ, ಏನು ನಡೆಯಿತು ಎಂದು ಹೇಳಲಿ. ಮುಂದಿನ ವಿಚಾರಣೆಯ ಪೇಶಿಗೂ ಎತ್ತಿನ ಮಾತೇ ಬಂದರೆ ಇದ್ದುದರ ಮೇಲೆಯೇ ತೀರ್ಪು ಬರೆಯುತ್ತೇನೆ ಎಂದರು. ಇದ್ದುದು ಏನು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಮಾರನೆಯ ದಿನ ಅಣ್ಣ ನಾನು ಇಳಿದುಕೊಂಡಿದ್ದ ಕೋಣೆಗೆ ಬಂದ. ಹೊಸ್ತಿಲ ಹೊರಗೇ ಕುಳಿತ.

“ಸಾಹೇಬ್ರ, ನೀವ ಏನರೆ ಹೇಳಿಕೊಡ್ರಿ ಆಕಿಗಿ. ಹೊಡೀತಾನ ಅಂತ ಅನ್ನಸ್ತೀನಿ. ಮೈಮ್ಯಾಲ ಒಂದ್ ಕಲಿ ಅದ, ಒಲಿ ಸುಟ್ಟದ್ದು. ಗಂಡ ಸುಟ್ಟಾನಂತ ತೋರಸ್ಲಿ.”

“ಆಕಿ ಏನಂತಾಳ?”

“ಆಕಿ ಹೂಂ ಅನ್ನಂಗಿಲ್ಲ. ಹುಟ್ಟಿದಾಗಿಂದ ಹಿಂಗೇ ಅದಾಳ. ಇಲ್ಲದ್ದ ಮಾತು ಬಾಯಾಗ ಬರಂಗಿಲ್ಲ.”

ನಾನು ಹೇಳಿಕೊಡುವಂತಿರಲಿಲ್ಲ. ಹೇಳಿಕೊಟ್ಟರೆ ನನ್ನ ಕೆಲಸ ಹೋಗುತ್ತದೆ ಎಂಬುದು ಒಂದು. ಅದಕ್ಕಿಂತ ಹೆಚ್ಚಾಗಿ, ಅಣ್ಣ ಹೇಳಿದ ಆ ಕೊನೆಯ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಇಲ್ಲದ್ದನ್ನು ಆಡದ ಹೆಂಗಸು ಒಂದೇ ಹೋಲಿಕೆಯನ್ನು ಮತ್ತೆ ಮತ್ತೆ ಆಡಿದ್ದಾಳೆ ಎಂದರೆ, ಅದು ಆಕೆಯ ಮಟ್ಟಿಗೆ ಅಲಂಕಾರವಲ್ಲ. ಆಕೆಯ ಜೊತೆ ಮಾತಾಡುವ ಹಕ್ಕು ನನಗಿಲ್ಲ. ಆಕೆ ಹೇಳಿದ ವಸ್ತುವನ್ನು ಹೋಗಿ ನೋಡಬಾರದು ಎಂದು ಮಾತ್ರ ಯಾವ ನಿಯಮವೂ ಹೇಳಿರಲಿಲ್ಲ.

ನನ್ನ ಮನೆ ಬಸವಕಲ್ಯಾಣದಲ್ಲಿತ್ತು; ಆಗ ನಾವೆಲ್ಲ ಬರೀ ಕಲ್ಯಾಣ ಎನ್ನುತ್ತಿದ್ದೆವು. ಪೇಟೆಯ ಮನೆ. ಮೋಟದ ಬಾವಿಗಳನ್ನು ದಾರಿಯಿಂದ ಸಾವಿರ ಸಲ ನೋಡಿದ್ದೆ, ಹತ್ತಿರ ಹೋಗಿ ನಿಂತಿರಲಿಲ್ಲ. ರಜೆಯಲ್ಲಿ ಊರಿಗೆ ಹೋದಾಗ ತ್ರಿಪುರಾಂತ ಕೆರೆಯ ಕಡೆ ನಮಗೆ ಪರಿಚಯದವರ ತೋಟಕ್ಕೆ ಹೋದೆ. ಅಲ್ಲೊಬ್ಬ ಮುದುಕ ಬೆಳಗಿನ ಹೊತ್ತು ಮೋಟ ಹೊಡೆಯುತ್ತಿದ್ದ. ಮಾತಿನ ಮನುಷ್ಯ. ಅದಾಲತ್ತಿನಿಂದ ಬಂದವನು ಎಂದು ಕೇಳಿ, ತನ್ನ ಮೇಲೇನಾದರೂ ನೋಟೀಸು ತಂದೀರಾ ಎಂದು ನಗಾಡಿದ.

ಬಾವಿಯ ಬಾಯಿಂದ ಹೊಲದ ಕಡೆಗೆ ಇಳಿಜಾರಾದ ಒಂದು ಓಣಿ. ಚೀಲ ತುಂಬಿದಾಗ ಎತ್ತುಗಳು ಆ ಇಳಿಜಾರಿನಲ್ಲಿ ಮುಂದಕ್ಕೆ ಎಳೆಯುತ್ತವೆ. ಮುದುಕ ಹಗ್ಗದ ಮೇಲೆ ಕುಳಿತು ತನ್ನ ಭಾರವನ್ನೂ ಸೇರಿಸುತ್ತಾನೆ. ಚೀಲ ಮೇಲೆ ಬಂದು ನೀರು ಕಾಲುವೆಗೆ ಬೀಳುತ್ತದೆ. ಇಷ್ಟು ದಾರಿಯಿಂದಲೂ ಕಾಣುತ್ತಿತ್ತು. ನಾನು ಗಮನಿಸದೆ ಬಿಟ್ಟದ್ದು ಆಮೇಲಿನ ಅರ್ಧವನ್ನು. ಖಾಲಿ ಚೀಲ ಮತ್ತೆ ಬಾವಿಗೆ ಇಳಿಯಬೇಕು. ಅದಕ್ಕಾಗಿ ಎತ್ತುಗಳು ತಿರುಗುವುದಿಲ್ಲ. ಮುಖವನ್ನು ಹೊಲದ ಕಡೆಗೇ ಇಟ್ಟುಕೊಂಡು ಏರಿನಲ್ಲಿ ಹಿಂದು ಹಿಂದಕ್ಕೆ ಹೆಜ್ಜೆ ಇಡುತ್ತ ಬಾವಿಯ ಅಂಚಿಗೆ ಬರುತ್ತವೆ. ಬಾವಿ ಅವುಗಳಿಗೆ ಕಾಣುವುದಿಲ್ಲ. ಮುದುಕ ಬಿಡದೆ ದನಿ ಕೊಡುತ್ತಿದ್ದ, ಅರ್ಧ ಹಾಡು, ಅರ್ಧ ಮಾತು. ಅಂಚು ಬಂದಾಗ ದನಿ ಬೇರೆಯಾಗುತ್ತಿತ್ತು, ಎತ್ತುಗಳು ನಿಲ್ಲುತ್ತಿದ್ದವು.

ದನಿ ಯಾಕೆ ಎಂದು ಕೇಳಿದೆ. ಎತ್ತಿಗೆ ಬೆನ್ನ ಹಿಂದೆ ಏನಿದೆ ಎಂದು ಹೇಳುವವರು ಬೇಡವೇ ಎಂದ. ಆಮೇಲೆ ಕೆಲಸ ನಿಲ್ಲಿಸಿ, ಎತ್ತು ಬಿಚ್ಚಿ, ನೀವೇ ಒಂದು ಸಲ ಬನ್ನಿ ಎಂದು ನನ್ನನ್ನೇ ಓಣಿಗೆ ಇಳಿಸಿದ. ಹೊಲದ ಕಡೆ ಮುಖ ಮಾಡಿ, ಅವನ ದನಿ ಕೇಳುತ್ತ, ನಾನು ಹಿಂದಕ್ಕೆ ಹೆಜ್ಜೆ ಇಟ್ಟೆ. ಸ್ವಲ್ಪ ದೂರ ಸುಲಭವಾಗಿತ್ತು. ನಂತರ ಅವನ ದನಿಯ ಜೊತೆಗೆ ಬಾವಿಯೊಳಗೆ ಹನಿ ಬೀಳುವ ಸದ್ದೂ ಕೇಳಿಸಿತು. ಅವನು ಇನ್ನೂ ಬರ್ರಿ, ಬರ್ರಿ ಎನ್ನುತ್ತಿದ್ದ. ನಾನು ತಿರುಗಿ ನೋಡಿದೆ. ಅಂಚು ಇನ್ನೂ ಬಹಳ ದೂರವಿತ್ತು.

“ನೀವು ಎತ್ತಾಗಾಕ ನಾಲಾಯಕ ಅದೀರಿ, ಸಾಹೇಬ್ರ,” ಎಂದ ಮುದುಕ. “ದನಿ ನಂಬಲಿಲ್ಲ ನೀವು.”

“ಎತ್ತೂ ಒಮ್ಮಿ ನಂಬದೆ ಹೋದ್ರ?”

“ಮುಗೀತು. ಆಮ್ಯಾಲ ಗಾಡಿಗಿ ಹೂಡ್ರಿ, ನೇಗಲಿಗಿ ಹೂಡ್ರಿ, ಮುಂದ ಎಷ್ಟರೆ ಎಳೀತದ. ಹಿಂದಕ್ಕ ಮಾತ್ರ ಒಂದ್ ಹೆಜ್ಜಿ ಇಡಂಗಿಲ್ಲ.”

ಅಲ್ಲಿಂದ ಮನೆಗೆ ನಡೆದು ಬರುವಾಗ ಆಕೆಯ ಮೂರು ತುಣುಕು ಮಾತು ನನಗೆ ಪೂರ್ತಿ ಅರ್ಥವಾಗಿತ್ತು. ದುಡಿಮೆ ನನಗೆ ಭಾರವಿಲ್ಲ ಎಂದದ್ದೂ ಅದರೊಳಗೇ ಕುಳಿತಿತ್ತು. ಆದರೆ ಅರ್ಥವಾದದ್ದು ನನಗೆ; ತೀರ್ಪು ಬರೆಯುವವರು ಮುನ್ಸಿಫರು.

ಮುಂದಿನ ದಿನಗಳಲ್ಲಿ ಮನಸ್ಸಿನಲ್ಲೇ ತರ್ಜುಮೆ ಮಾಡಿ ನೋಡಿದೆ. ಶಹರದವರಿಗೆ ತಿಳಿಯುವ ಬೇರೊಂದು ಹೋಲಿಕೆ ಉರ್ದುವಿನಲ್ಲಿ ಸಿಕ್ಕಿತು: ಕಣ್ಣು ಕಟ್ಟಿ ಮಾಳಿಗೆಯ ಅಂಚಿನ ಕಡೆಗೆ ನಡೆಸಿದಂತೆ. ಚೆನ್ನಾದ ಮಾತು, ಕೇಳಿದ ಕೂಡಲೇ ಎದೆಗೆ ನಾಟುವಂಥದ್ದು. ಅದನ್ನು ಹೇಳಿದ್ದರೆ ಆಕೆ ಅಂದೇ ಗೆಲ್ಲುತ್ತಿದ್ದಳೇನೋ. ಆದರೆ ಅದರಲ್ಲಿ ಕಣ್ಣು ಕಟ್ಟಿದವನೊಬ್ಬ ಇದ್ದಾನೆ, ಕೇಡು ಬಯಸಿದವನೊಬ್ಬ ಇದ್ದಾನೆ. ಆಕೆಯ ಮಾತಿನಲ್ಲಿ ಯಾರೂ ಯಾರ ಕಣ್ಣನ್ನೂ ಕಟ್ಟಿರಲಿಲ್ಲ. ಎತ್ತಿನ ಹಿಂದೆ ನಿಂತವನು ಕೆಟ್ಟವನು ಎಂದು ಆಕೆ ಹೇಳಿರಲಿಲ್ಲ. ಹೆಬ್ಬೆಟ್ಟು ಒತ್ತಲು ಒಪ್ಪದವಳ ಬಾಯಿಗೆ ಇನ್ನೊಬ್ಬರ ಮಾತನ್ನು ನಾನು ಇಡುವುದು ಹೇಗೆ? ಆ ಚೆನ್ನಾದ ಮಾತನ್ನು ಬಿಟ್ಟುಕೊಟ್ಟೆ. ವಸ್ತುವನ್ನೇ ನೋಡಿ ಎಂದು ಅದಾಲತ್ತನ್ನು ಕೇಳುವುದೊಂದೇ ದಾರಿ ಉಳಿಯಿತು.

ಪೇಶಿಯ ದಿನ ಆಕೆ ಕಟಕಟೆ ಹತ್ತುವ ಮೊದಲೇ ನಾನು ಎದ್ದು ನಿಂತು, ದುಭಾಷಿಗೆ ಒಂದು ಅರಿಕೆ ಮಾಡಲು ಅಪ್ಪಣೆ ಬೇಕು ಎಂದೆ. ಪೇಶ್ಕಾರರು ಲೇಖನಿ ಕೆಳಗಿಟ್ಟರು. ದುಭಾಷಿಗಳು ಯಾವಾಗಿನಿಂದ ವಕಾಲತ್ತು ಶುರು ಮಾಡಿದರು ಎಂದು ವಕೀಲರು ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ.

ಅಂದಿನ ನಿನ್ನ ತರ್ಜುಮೆ ತಪ್ಪಿತ್ತೇ ಎಂದು ಮುನ್ಸಿಫರು ಕೇಳಿದರು. ತಪ್ಪಿರಲಿಲ್ಲ, ಪೂರ್ತಿಯಾಗಿತ್ತು ಎಂದೆ. ಹಾಗಾದರೆ ಇನ್ನೇನು ಬೇಕು ಎಂದರು. ಸಾಕ್ಷಿ ಹೇಳಿದ ವಸ್ತುವನ್ನು ಹುಜೂರರು ನೋಡಿಲ್ಲ, ವಿವರಿಸುವ ಅಧಿಕಾರ ನನಗಿಲ್ಲ. ಮೋಟದ ಬಾವಿ ಇಲ್ಲಿಂದ ಹತ್ತಿರದಲ್ಲೇ ಇದೆ ಎಂದೆ. ಇಷ್ಟು ಹೇಳಿ ಸುಮ್ಮನಾದೆ. ಒಂದು ಮಾತು ಹೆಚ್ಚು ಆಡಿದ್ದರೂ ಅದು ಸಾಕ್ಷ್ಯವಾಗುತ್ತಿತ್ತು.

ಮುನ್ಸಿಫರು ಮುಖ ಕೆಂಪಾಗಿಸಿಕೊಂಡು ನನ್ನನ್ನು ನೋಡಿದರು. ಆ ಹೊತ್ತಿಗೆ ನನ್ನ ಕೆಲಸ ಹೋಯಿತು ಎಂದೇ ಅಂದುಕೊಂಡೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು. ಹೊಲದ ಗಡಿ ನೋಡಲು ಹೋಗುವುದಿಲ್ಲವೇ, ಹಾಗೆಯೇ ಇದನ್ನೂ ನೋಡಿ ಬರೋಣ ಎಂದು ಎದ್ದರು.

ಮಾಣಿಕನಗರದ ದಾರಿಯಲ್ಲಿ ಒಂದು ಬಾವಿಯಲ್ಲಿ ಮೋಟ ನಡೆಯುತ್ತಿತ್ತು. ಮುನ್ಸಿಫರು, ವಕೀಲರು, ಗಂಡ, ಅಣ್ಣ, ಆಕೆ, ಪೇಶ್ಕಾರರು, ಅವರ ಹಿಂದೆ ಬಿಟ್ಟಿ ತಮಾಷೆಗೆ ಬಂದ ಮಂದಿ. ಮುನ್ಸಿಫರು ಶೇರವಾನಿಯ ಅಂಚು ಎತ್ತಿಕೊಂಡು ಕಾಲುವೆಯ ಕೆಸರು ದಾಟಿದರು. ಯಾರೂ ಮಾತಾಡಬಾರದು ಎಂದು ಮೊದಲೇ ಹೇಳಿದ್ದರು. ಚೀಲ ಹಲವು ಸಲ ಇಳಿದು ಹತ್ತುವವರೆಗೆ ನೋಡಿದರು. ಎತ್ತು ಹಿಂದಕ್ಕೆ ಬರುವಾಗ ಅವರ ಕಣ್ಣು ಎತ್ತಿನ ಕಾಲಿನ ಮೇಲಿತ್ತು, ಆಮೇಲೆ ಬಾವಿಯ ಅಂಚಿನ ಮೇಲೆ, ಆಮೇಲೆ ಹೊಡೆಯುವವನ ಬಾಯಿಯ ಮೇಲೆ. ಆಗ ಅವರೊಂದು ಅಪ್ಪಣೆ ಮಾಡಿದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ: ಈ ಸಲ ದನಿ ಕೊಡಬೇಡ.

ಎತ್ತುಗಳು ಇಳಿಜಾರಿನ ಕೆಳಗಿದ್ದವು. ರೈತ ಹಗ್ಗ ಜಗ್ಗಿದ, ಬಾಯಿ ಬಿಡಲಿಲ್ಲ. ಅವು ರೂಢಿಯ ಮೇಲೆ ನಾಲ್ಕಾರು ಹೆಜ್ಜೆ ಹಿಂದಕ್ಕೆ ಬಂದವು. ನಂತರ ನಿಂತವು. ಕಿವಿ ಹಿಂದಕ್ಕೆ ತಿರುಗಿದವು. ಅವನು ಮತ್ತೆ ಜಗ್ಗಿದ. ಕಾಲು ನೆಲಕ್ಕೆ ಊರಿ ನಿಂತವು, ಮೈ ನಡುಗುವುದು ನಮಗೆ ಕಾಣುತ್ತಿತ್ತು. ಸಾಕು ಎಂದು ಮುನ್ಸಿಫರು ಕೈ ಎತ್ತಿದರು. ರೈತ ಹೋ ಎಂದ. ಎತ್ತುಗಳು ಒಮ್ಮೆಲೇ ಉಸಿರು ಬಿಟ್ಟು ಹಿಂದಕ್ಕೆ ನಡೆದು ಬಂದವು.

ಅಲ್ಲಿ ಯಾರೂ ನಗಲಿಲ್ಲ. ಆಕೆ ಎತ್ತುಗಳನ್ನು ನೋಡುತ್ತಿರಲಿಲ್ಲ. ಮುನ್ಸಿಫರ ಮುಖ ನೋಡುತ್ತಿದ್ದಳು.

ಕಚೇರಿಗೆ ಮರಳಿದ ಮೇಲೆ ಮುನ್ಸಿಫರು ಆಕೆಯನ್ನು ಕಟಕಟೆಗೆ ಕರೆಸಿ ಒಂದೇ ಪ್ರಶ್ನೆ ಕೇಳಿದರು. ಆ ಮನೆಯಲ್ಲಿ ಹಿಂದಿನಿಂದ ಬರುವ ದನಿ ನಿಂತದ್ದು ಯಾವಾಗ? ನಾನು ಕನ್ನಡದಲ್ಲಿ ಕೇಳಿದೆ. ಈ ಸಲ ಆಕೆ ತಡೆಯಲಿಲ್ಲ.

“ಹಗೇವು ತೆಗ್ದಿದ್ರಿ. ಬುಟ್ಟಿಗಿ ಜ್ವಾಳ ತುಂಬಾಕ ನಾ ಇಳೀಬೇಕಿತ್ತು. ದೀಪ ಇಳ್ಸಿ ನೋಡೀರೇನು ಅಂದೆ. ನನ್ ಗಂಡ ಇಳಿ ಅಂದ್ರು. ಇಳ್ದೆ. ಒಳಗ ಉಸುರು ಕಟ್ಟಿದಂಗಾತು. ಕೂಗ್ದೆ. ಮ್ಯಾಲ ಅವರ ಕಾಲು ಕಾಣ್ತಿದ್ವು. ದನಿ ಬರ್ಲಿಲ್ರಿ.”

ಹಗೇವು ಎಂದರೆ ಜೋಳ ಕೂಡಿಡುವ ನೆಲದೊಳಗಿನ ಕಣಜ. ಮೇಲೆ ಕಿರಿದಾದ ಬಾಯಿ, ಒಳಗೆ ಅಗಲ. ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ಕೂಡಿಕೊಳ್ಳುತ್ತದೆ. ಬಾಯಿ ತೆಗೆದು ಹೊತ್ತು ಕಳೆಯಲು ಬಿಟ್ಟು, ಉರಿಯುವ ದೀಪವನ್ನು ಹಗ್ಗದಲ್ಲಿ ಇಳಿಸಿ ನೋಡಿ, ದೀಪ ಆರದಿದ್ದರೆ ಮಾತ್ರ ಮನುಷ್ಯರು ಇಳಿಯುವುದು ನಮ್ಮ ಕಡೆಯ ಪದ್ಧತಿ. ಇಷ್ಟನ್ನು ಮುನ್ಸಿಫರು ಸಾಕ್ಷಿಯಿಂದಲೇ ಕೇಳಿ ಬರೆಸಿದರು. ಆಕೆ ಕೂಗಿದ ಹೊತ್ತಿಗೆ ಬೀಜ ಕೇಳಲು ಬಂದ ನೆರೆಮನೆಯವನು ಆಕೆಯ ನಡುವಿಗೆ ಕಟ್ಟಿದ್ದ ಹಗ್ಗ ಹಿಡಿದು ಮೇಲಕ್ಕೆ ಎಳೆದಿದ್ದ. ಉಣ್ಣದೆ ಇಳಿದಳು, ತಲೆ ತಿರುಗಿತು ಎಂದು ಮನೆಯಲ್ಲಿ ಆಡಿಕೊಂಡರು. ಗಂಡ ಆಮೇಲೂ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವನು ಮೊದಲಿನಿಂದಲೂ ಕಡಿಮೆ ಮಾತಿನವನು.

ಇದನ್ನು ಮೊದಲ ದಿನವೇ ಯಾಕೆ ಹೇಳಲಿಲ್ಲ ಎಂದು ವಕೀಲರು ಕೇಳಿದರು. ಕಟ್ಟಿದ ಕಥೆ ಎಂದು ತೋರಿಸಲು ಕೇಳಿದ ಪ್ರಶ್ನೆ ಅದು. ಆಕೆ ಅವರ ಕಡೆ ತಿರುಗಿ ಹೇಳಿದ್ದನ್ನು ನಾನು ಇಂದಿಗೂ ಹಾಗೆಯೇ ಹೇಳಬಲ್ಲೆ.

“ಹೇಳಿದ್ರ ಕೊಲ್ಲಾಕ ಇಳಿಸ್ದಾ ಅಂತ ಬರ್ಕೋತಿದ್ರಿ. ಅದು ನಂಗ ಗೊತ್ತಿಲ್ಲ. ಮರ್ತು ನಿಂತಿದ್ರೋ, ಬೇಕಂತ ನಿಂತಿದ್ರೋ, ನಾ ಹ್ಯಾಂಗ ಹೇಳ್ಲಿ? ಎತ್ತಿಗಿ ಎಷ್ಟು ಗೊತ್ತದೋ ನಂಗ ಅಷ್ಟೇ ಗೊತ್ತು. ಅದಕ್ಕ ಅಷ್ಟೇ ಹೇಳ್ದೆ.”

ಇದನ್ನು ಉರ್ದುವಿಗೆ ತರುವಾಗ ನನ್ನ ದನಿ ಸ್ಥಿರವಾಗಿತ್ತು. ಆ ಸ್ಥಿರತೆಗಾಗಿ ನಾನು ಕಷ್ಟಪಟ್ಟೆ. ವರ್ಷಗಟ್ಟಲೆ ನಾನು ಸತ್ಯ ಒಂದು ಕಡೆ, ಹೋಲಿಕೆ ಇನ್ನೊಂದು ಕಡೆ ಎಂದು ಇಟ್ಟುಕೊಂಡಿದ್ದೆ. ಇಲ್ಲಿ ಒಬ್ಬ ಓದುಬರಹವಿಲ್ಲದ ಹೆಂಗಸು, ಘಟನೆ ಹೇಳಿದರೆ ಅದು ತನಗೆ ಗೊತ್ತಿರುವುದಕ್ಕಿಂತ ಹೆಚ್ಚು ಹೇಳಿಬಿಡುತ್ತದೆ ಎಂದು ಅದನ್ನು ತಡೆದಿಟ್ಟು, ತನಗೆ ಗೊತ್ತಿರುವಷ್ಟನ್ನೇ ಹೇಳುವ ಹೋಲಿಕೆಯನ್ನು ಆರಿಸಿದ್ದಳು. ಗಂಡನ ಮೇಲೆ ಇಲ್ಲದ ಆರೋಪ ಬರಬಾರದು ಎಂದು ತನ್ನ ಮೊಕದ್ದಮೆಯನ್ನೇ ಸೋಲಲು ಬಿಟ್ಟಿದ್ದಳು.

ಮುನ್ಸಿಫರು ಗಂಡನನ್ನು ಕರೆಸಿದರು. ಅವನು ಬಂದು ತಲೆ ತಗ್ಗಿಸಿ ನಿಂತ. ಆ ದಿನ ದೀಪ ಇಳಿಸಿದ್ದೆಯಾ ಎಂದು ಕೇಳಿದರು. ವಕೀಲರು ಏನೋ ಅನ್ನಲು ಹೋದರು. ಮುನ್ಸಿಫರು ಬೆರಳೆತ್ತಿ ತಡೆದರು.

“ಇಳ್ಸಿರಬೇಕ್ರಿ,” ಎಂದ. ಆಮೇಲೆ, “ನೆನಪಿಲ್ರಿ” ಎಂದ.

ಆಕೆ ಕೂಗಿದ್ದು ಕೇಳಿಸಿತೇ ಎಂಬುದಕ್ಕೆ ಅವನು ಉತ್ತರವನ್ನೇ ಕೊಡಲಿಲ್ಲ. ಅವನ ಮುಖದಲ್ಲಿ ಕೇಡು ನನಗೆ ಕಾಣಲಿಲ್ಲ. ಕಂಡದ್ದು ಒಂದು ಖಾಲಿತನ. ಅದನ್ನು ಅವನು ತಾನೂ ಮೊದಲ ಸಲ ನೋಡುತ್ತಿದ್ದ ಹಾಗಿತ್ತು. ಫಿರ್ಯಾದಿಯ ಬಳಿ ಉತ್ತರವಿಲ್ಲ ಎಂದು ಪೇಶ್ಕಾರರು ಬರೆದುಕೊಂಡರು.

ಹೇಳಿಕೆಯನ್ನು ಬರೆಸುವಾಗ ಮುನ್ಸಿಫರು ಆ ಕಚೇರಿಯಲ್ಲಿ ನಾನು ಹಿಂದೆ ಕಾಣದ ಒಂದು ಕೆಲಸ ಮಾಡಿದರು. ಎತ್ತಿನ ಮಾತನ್ನು ಆಕೆ ಆಡಿದಂತೆ ಕನ್ನಡದಲ್ಲೇ, ಉರ್ದು ಲಿಪಿಯಲ್ಲಿ ಬರೆಯಿರಿ ಎಂದರು. ಅದರ ಕೆಳಗೆ ನನ್ನ ತರ್ಜುಮೆ. ಅದರ ಕೆಳಗೆ, ಅದಾಲತ್ತು ಸ್ವತಃ ಬಾವಿಯ ಹತ್ತಿರ ಕಂಡದ್ದು. ಪೇಶ್ಕಾರರು ಮೊದಲು ಗೊಣಗಿದರು, ಆಮೇಲೆ ಅಕ್ಷರಗಳನ್ನು ನನ್ನಿಂದ ಎರಡೆರಡು ಸಲ ಕೇಳಿ ತಿದ್ದಿ ಬರೆದರು. ಬರೆದಾದ ಮೇಲೆ ತಾವೇ ಒಮ್ಮೆ ದನಿ ಮಾಡಿ ಓದಿ, ಸರಿ ಅದೇನವ್ವಾ ಎಂದು ಆಕೆಯನ್ನು ಕೇಳಿದರು.

ನಾನು ಪೂರ್ತಿ ಓದಿ ಹೇಳಿದೆ. ಆಕೆ ಕಣ್ಣು ಮುಚ್ಚಿ ಕೇಳಿದಳು. ಇದು ನಿನ್ನ ಮಾತು ಹೌದೇ ಎಂದೆ.

“ಹೌದ್ರಿ. ಇದು ನಂದು.”

ಚಪರಾಸಿ ಮಸಿ ತರುವ ಮೊದಲೇ ಕೈ ಮುಂದೆ ಬಂದಿತ್ತು.

ತೀರ್ಪು ಬೇರೊಂದು ದಿನ ಬಂತು. ಹೊಡೆತ, ಬಯ್ಗಳ ಇಲ್ಲದ ಮನೆಯಲ್ಲೂ ಜೀವಭಯ ಇರಬಹುದು, ಈಕೆಯ ಭಯಕ್ಕೆ ಆಧಾರವಿದೆ, ಆ ಆಧಾರವನ್ನು ಗಂಡನ ಹೇಳಿಕೆಯೇ ಒದಗಿಸಿದೆ, ಫಿರ್ಯಾದು ವಜಾ. ಇಷ್ಟನ್ನು ಕನ್ನಡದಲ್ಲಿ ಆಕೆಗೆ ಹೇಳುವ ಕೆಲಸ ನನಗೆ ಬಂತು. ಅದಾಲತ್ತಿನಲ್ಲಿ ನಾನು ಆಡಿದ ಸಾವಿರಾರು ವಾಕ್ಯಗಳಲ್ಲಿ ಇದೊಂದನ್ನು ಯಾರ ಮುಂದಾದರೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ. ಗೆದ್ದದ್ದು ಆಕೆಯ ನಿಖರತೆ. ಅದನ್ನು ನಡುದಾರಿಯಲ್ಲಿ ಚೆಲ್ಲದೆ ಇನ್ನೊಂದು ದಡಕ್ಕೆ ಮುಟ್ಟಿಸಿದ್ದು ನನ್ನ ಪಾಲು.

ಹೊರಗೆ ಬೇವಿನ ಮರದ ಕೆಳಗೆ ಅಣ್ಣ ಗಾಡಿ ಹೂಡುತ್ತಿದ್ದ. ಮೊಕದ್ದಮೆ ಮುಗಿದಿತ್ತು, ಈಗ ಆಕೆಯ ಜೊತೆ ಮಾತಾಡಲು ನನಗೆ ಅಡ್ಡಿಯಿರಲಿಲ್ಲ. ನಾನು ಮೆಟ್ಟಿಲಿಳಿದು ಬಂದೆ. ಆಕೆಯೇ ಹತ್ತಿರ ಬಂದಳು.

“ಅಣ್ಣಾರ, ನಾ ಅಂದ ಮಾತು ಅವರ ಮಾತಿನ್ಯಾಗ ಹ್ಯಾಂಗ ಕೇಳಸ್ತದ? ಒಮ್ಮಿ ಅನ್ರಿ.”

ನಾನು ಉರ್ದುವಿನಲ್ಲಿ ಹೇಳಿದೆ, ಕಡತದಲ್ಲಿ ಇದ್ದಂತೆ, ಅದಾಲತ್ತು ಕಂಡದ್ದನ್ನೂ ಸೇರಿಸಿ, ಪೂರ್ತಿಯಾಗಿ: ಬಾವಿ, ಇಳಿಜಾರು, ಬೆನ್ನ ಹಿಂದಿನ ದನಿ, ಎಲ್ಲ. ಆಕೆ ತಲೆ ಓರೆ ಮಾಡಿ ಕೊನೆಯ ಅಕ್ಷರದವರೆಗೂ ಕೇಳಿದಳು.

“ಭಾಳ ಉದ್ದ ಆತಲ್ರಿ,” ಎಂದಳು.

“ಅವರು ಮೋಟ ನೋಡಿರಲಿಲ್ಲವ್ವ. ಅದಕ್ಕ.”

ಆಕೆ ಅದಾಲತ್ತಿನ ಬಾಗಿಲ ಕಡೆ ನೋಡಿದಳು. ಆ ಮುಖದ ಮೇಲೆ ನಾನು ನಗು ಕಂಡದ್ದು ಅದೊಂದೇ ಸಲ.

“ಈಗ ನೋಡ್ಯಾರಲ್ಲ,” ಎಂದಳು. “ಇನ್ನ ಯಾರರೆ ಬಂದು ಇದ ಮಾತು ಅಂದ್ರ, ಸಣ್ಣದ ಸಾಕಾಗ್ತದ.”